ಬೈಲಪ್ಪನವರ ಹಸುವಿಗೆ ಐದು ನಂಬರು

ಕಗ್ಗದಾಸಪುರದ ಬೈಲಪ್ಪನವರ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ನಾಲ್ಕು ಸಾಲುಗಳಿವೆ. ಭೂಮಾಲೀಕರು. ಅಧ್ಯಕ್ಷರು, ಹೈನುಗಾರರ ಕ್ಷೇಮಾಭಿವೃದ್ಧಿ ಸಂಘ. ಸಮಾಜ ಸೇವಕರು. ಕೊನೆಯದು, ಮಾಜಿ ಸಂಭಾವ್ಯ ಅಭ್ಯರ್ಥಿ. ಈ ಕೊನೆಯ ಪದವಿ ಹೇಗೆ ಬಂತೆಂದು ಕೇಳಿದವರಿಗೆ ಅವರು ಕುರ್ಚಿ ತರಿಸಿ ಕೂರಿಸಿ ಹೇಳುತ್ತಾರೆ: ಒಂದು ಚುನಾವಣೆಯಲ್ಲಿ ಅವರ ಹೆಸರು ಪಕ್ಷದ ಕಚೇರಿಯ ಮೆಟ್ಟಿಲವರೆಗೂ ಹೋಗಿತ್ತಂತೆ. ಯಾವ ಪಕ್ಷ ಎಂದು ಮಾತ್ರ ಹೇಳುವುದಿಲ್ಲ. ಉಳಿದ ಪಕ್ಷದವರು ಬೇಜಾರು ಮಾಡಿಕೊಂಡಾರು ಎಂದು.

ಭೂಮಾಲೀಕರು ಎನ್ನುವುದು ನಿಜ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಕಟ್ಟಡಗಳು ಎದ್ದಿವೆ. ಅವುಗಳ ತುಂಬ ಟೆಕ್ ಪಾರ್ಕಿಗೆ ಹೋಗಿಬರುವ ಬಾಡಿಗೆದಾರರು. ಅವರ ಬಾಯಲ್ಲಿ ಬೈಲಪ್ಪನವರು ‘ಓನರ್ ಅಂಕಲ್’. ಈ ಸಂಬೋಧನೆ ಅವರಿಗೆ ಹಿಡಿಸುವುದಿಲ್ಲ. ಓನರ್ ಸಾಕು, ಅಂಕಲ್ ಯಾಕೆ ಎನ್ನುತ್ತಾರೆ.

ಇಷ್ಟೆಲ್ಲ ಇದ್ದೂ ಅವರು ಒಂದು ಹಸುವನ್ನು ಉಳಿಸಿಕೊಂಡಿದ್ದರು. ಹಾಲಿಗಲ್ಲ, ಹಾಲು ಅವರ ಮನೆಗೆ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಅವರಿಗೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ. ಹಸುವಿಲ್ಲದಿದ್ದರೆ ಹೈನುಗಾರರ ಸಂಘಕ್ಕೆ ಅಧ್ಯಕ್ಷರಾಗುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ಸಂಘದಲ್ಲಿ ಒಂಬತ್ತು ಸದಸ್ಯರಿದ್ದರು. ಅವರ ಪೈಕಿ ಎಂಟು ಜನಕ್ಕೆ ತಾವು ಸದಸ್ಯರೆಂದು ಅಧ್ಯಕ್ಷರ ಸನ್ಮಾನದ ದಿನ ತಿಳಿಯಿತು. ಹಸುವಿನ ಹೆಸರು ರಾಜರಾಜೇಶ್ವರಿ. ಅದನ್ನು ‘ರಾಜಿ’ ಎಂದು ಮೊಟಕು ಮಾಡಿ ಕರೆದ ಬಾಡಿಗೆದಾರನೊಬ್ಬ ಮುಂದಿನ ತಿಂಗಳು ಬೇರೆ ಮನೆ ನೋಡಿಕೊಂಡ.

ಆ ಕಡೆಯ ಹಸುಗಳೆಲ್ಲ ಬೆಳಿಗ್ಗೆ ಹಾಲು ಕರೆದ ಮೇಲೆ ತಾವೇ ಹೊರಟು, ಸಂಜೆ ತಾವೇ ಬರುತ್ತವೆ. ಮೇವು ಬೆಳೆದಿದ್ದ ಜಾಗದಲ್ಲಿ ಮನೆ ಬಂದರೇನು, ಹಸುವಿಗೆ ದಾರಿ ಮರೆಯಬೇಕಲ್ಲ. ತರಕಾರಿ ಗಾಡಿಯ ಸೊಪ್ಪು, ಹಳೇ ಮದ್ರಾಸು ರಸ್ತೆಯ ಗುಡಿಗಳ ಬಾಡಿದ ಹಾರ, ಇಂದಿರಾನಗರದ ಹೋಟೆಲುಗಳ ಹಿಂಬಾಗಿಲು. ಅಲ್ಲಿ ಬಿಸಾಡುವ ಕಾಳು ಸೊಪ್ಪುಗಳ ಹೆಸರು ಹಾಕುವವರಿಗೂ ಗೊತ್ತಿಲ್ಲ, ತಿನ್ನುವ ಹಸುವಿಗೂ ಬೇಕಿಲ್ಲ. ಒಮ್ಮೊಮ್ಮೆ ಒಂದು ಹಸು ವಾಪಸು ಬರುವುದಿಲ್ಲ. ಆಗ ಹುಡುಕಬೇಕು.

ಸಂಘದ ಸದಸ್ಯರಲ್ಲಿ ಜಟ್ಟೆಮ್ಮ ಎಂಬುವಳು ಒಬ್ಬಳಿದ್ದಳು. ಬೆನ್ನಿಗಾನಹಳ್ಳಿ ಕಡೆಯ ರೈಲು ಹಳಿಯ ಪಕ್ಕ ಶೀಟು ಹೊದಿಸಿದ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಕೆಂಪಿ ಎಂಬ ಒಂದೇ ಹಸು. ಗಂಡ ತೀರಿಕೊಂಡ ಮೇಲೆ ಅವಳ ಒಲೆ ಹೊತ್ತಿದ್ದು ಕೆಂಪಿಯ ಹಾಲಿನಿಂದ. ಬೆಳಗಿನ ಹಾಲು ಕಮರುನ್ನೀಸಾಳ ಚಹಾ ಅಂಗಡಿಗೆ, ಸಂಜೆಯದು ಅಕ್ಕಪಕ್ಕದ ಮನೆಗಳಿಗೆ. ಕೆಂಪಿ ಇದ್ದರೆ ಜಟ್ಟೆಮ್ಮ ಹಾಲು ಕೊಡುವವಳು. ಇಲ್ಲದಿದ್ದರೆ ಏನೆಂದು ಅವಳು ಯೋಚಿಸಿರಲಿಲ್ಲ, ಯೋಚಿಸಲು ಹೆದರುತ್ತಿದ್ದಳು. ಕೆಂಪಿ ಸಂಜೆ ಸ್ವಲ್ಪ ತಡವಾದರೂ ರಸ್ತೆಯ ತುದಿಗೆ ಬಂದು ನಿಂತಿರುತ್ತಿದ್ದಳು.

ಹೀಗಿರುವಾಗ ಟೆಕ್ ಪಾರ್ಕಿನ ಒಂದು ಸಣ್ಣ ಕಂಪನಿಯಿಂದ ಪೂಜಿತಾ ಎಂಬ ಇಂಜಿನಿಯರ್ ಹುಡುಗಿ ಒಂಬತ್ತು ಬೆಲ್ಟುಗಳನ್ನು ಹಿಡಿದು ಬಂದಳು. ಹಸುವಿನ ಕೊರಳಿಗೆ ಕಟ್ಟುವ ಬೆಲ್ಟು. ಅದರಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಯಂತ್ರ. ಅದು ಕಾಲು ಗಂಟೆಗೊಮ್ಮೆ ತಾನು ಇಂಥ ಕಡೆ ಇದ್ದೇನೆಂದು ರೇಡಿಯೊ ಅಲೆಯಲ್ಲಿ ಹೇಳುತ್ತದೆ. ಸಿಮ್ ಬೇಡ, ರೀಚಾರ್ಜ್ ಬೇಡ. ಎತ್ತರದ ಮನೆಯೊಂದರ ತಾರಸಿಯಲ್ಲಿ ಒಂದು ಡಬ್ಬಿಯಿದ್ದು, ಮೈಲಿ ದೂರದ ಮಾತನ್ನೂ ಕೇಳಿಸಿಕೊಂಡು ಕಂಪನಿಯ ಸರ್ವರಿಗೆ ದಾಟಿಸುತ್ತದೆ. ಹಸು ಎಲ್ಲಿದೆ ಎಂದು ಫೋನಿನ ನಕ್ಷೆಯಲ್ಲಿ ಚುಕ್ಕಿ ಕಾಣುತ್ತದೆ. ಪ್ರಯೋಗಕ್ಕೆಂದು ಕೊಡುವುದು, ಹಸುವಿನವರು ಏನೂ ಕೊಡಬೇಕಾಗಿಲ್ಲ.

ಡಬ್ಬಿ ಇಡಲು ಪೂಜಿತಾ ನೋಡಿಟ್ಟಿದ್ದು ಒಂದು ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕನ್ನು. ಬೈಲಪ್ಪನವರು ಒಪ್ಪಲಿಲ್ಲ.

“ಅಧ್ಯಕ್ಷರ ಮನೆ ಇಟ್ಕೊಂಡು ಟ್ಯಾಂಕ್ ಮೇಲೆ ಯಾಕಮ್ಮ ಇಡ್ತೀಯಾ?”

“ಟ್ಯಾಂಕ್ ಎತ್ತರ ಇದೆ ಸರ್.”

“ಎತ್ತರ ಯಾವ್ದು ಅಂತ ಊರ್‌ನೋರು ಹೇಳ್ತಾರೆ.”

ಡಬ್ಬಿ ಬೈಲಪ್ಪನವರ ತಾರಸಿಗೆ ಏರಿತು. ಅದರ ಸ್ವಿಚ್ಚು ಅವರ ಮಲಗುವ ಕೋಣೆಯಲ್ಲಿ, ಗೀಸರಿನ ಸ್ವಿಚ್ಚಿನ ಪಕ್ಕ. ಅಧ್ಯಕ್ಷರಿಗೆ ಎಲ್ಲವೂ ಕಾಣಬೇಕೆಂದು ಅವರು ಹಟ ಹಿಡಿದಿದ್ದರಿಂದ, ಉಳಿದವರಿಗೆ ಬರೀ ಚುಕ್ಕಿ ಕಾಣುವಂತೆ ಮಾಡಿ ಇವರ ಫೋನಿಗೆ ಮಾತ್ರ ಇಂಜಿನಿಯರುಗಳು ನೋಡುವ ಪುಟವನ್ನೇ ಕೊಟ್ಟಳು. ಅದರಲ್ಲಿ ಪ್ರತಿ ಬೆಲ್ಟಿನ ಮುಂದೆ ಸೊನ್ನೆಯಿಂದ ಐದರವರೆಗೆ ಒಂದು ಅಂಕಿ ಇತ್ತು.

“ಇದೇನಿದು?”

“ಅದು ಬೆಲ್ಟ್ ಮಾತಾಡೋ ಸ್ಪೀಡ್ ಸರ್, ಸೊನ್ನೆ ನಿಧಾನ, ಐದು ಬೇಗ. ಈಗ ನಾವಿಬ್ರು ಇಲ್ಲೇ ಕೂತಿದ್ದೀವಿ, ಬೇಗ ಬೇಗ ಪಿಸುಗುಟ್ಟಿದ್ರೂ ಕೇಳ್ಸುತ್ತೆ. ಅದೇ ರಸ್ತೆ ಆ ತುದೀಲಿರೋರಿಗೆ ಹೇಳ್ಬೇಕಂದ್ರೆ ಒಂದೊಂದೇ ಅಕ್ಷರ ಎಳೆದು ಹೇಳ್ಬೇಕಲ್ವಾ. ಬೆಲ್ಟೂ ಹಾಗೇ. ಎಳೆದು ಹೇಳಿದ್ರೆ ದೂರ ಕೇಳ್ಸುತ್ತೆ, ಆದ್ರೆ ಬ್ಯಾಟರಿ ತಿನ್ನುತ್ತೆ, ಅಷ್ಟು ಹೊತ್ತು ಬೇರೆ ಬೆಲ್ಟುಗಳಿಗೂ ಅಡ್ಡ. ಅದಕ್ಕೇ ಸರ್ವರ್ ಎಲ್ಲರ ದನಿ ಕೇಳ್ಕೊಂಡು, ಯಾರ್ದು ಚೆನ್ನಾಗಿ ಕೇಳ್ತಿದ್ಯೋ ಅವರಿಗೆ ನೀನು ಪಿಸುಗುಟ್ಟಿದ್ರೆ ಸಾಕು, ಬೇಗ ಮುಗ್ಸು ಅಂತ ಆರ್ಡರ್ ಕಳ್ಸುತ್ತೆ.”

ಬೈಲಪ್ಪನವರ ಕಿವಿಗೆ ಬಿದ್ದದ್ದು ಆರ್ಡರ್ ಎಂಬ ಒಂದು ಮಾತು.

“ಆರ್ಡರ್ ಕೊಡೋದು ನಮ್ಮನೆ ಮೇಲಿರೋ ಡಬ್ಬೀನಾ?”

“ಅಲ್ಲ ಸರ್, ಅದು ಬರೀ ಕಿವಿ. ತಲೆ ಬೇರೆ ಕಡೆ ಇದೆ.”

“ಇರ್ಲಿ. ಸದ್ಯಕ್ಕೆ ಕಿವಿ ಸಾಕು.”

ಪೂಜಿತಾ ಹೇಳದೆ ಬಿಟ್ಟ ಒಂದು ಸಂಗತಿಯಿತ್ತು. ಕಂಪನಿಯ ಹಳೆಯ ಕಸುಬು ನೀರಿನ ಮೀಟರು. ಮೀಟರು ಗೋಡೆ ಕಚ್ಚಿಕೊಂಡು ಕೂತಿರುತ್ತದೆ, ಅದರ ದನಿ ಇವತ್ತು ಹೇಗೆ ಕೇಳಿತೋ ನಾಳೆಯೂ ಹಾಗೇ ಕೇಳುತ್ತದೆ. ವೇಗವನ್ನು ಸರ್ವರೇ ತೀರ್ಮಾನಿಸುವ ಈ ಏರ್ಪಾಡು ಅದಕ್ಕೆ ಹೇಳಿ ಮಾಡಿಸಿದ್ದು. ಹಸು ನಡೆಯುತ್ತದೆ. ನಡೆದಾಡುವ ಯಂತ್ರಕ್ಕೆ ಇದನ್ನು ಆಫ್ ಮಾಡಿಡಬೇಕೆಂದು ಪೂಜಿತಾ ಬಾಸಿಗೆ ಹೇಳಿದ್ದಳು. ಆಫ್ ಮಾಡಿದರೆ ಬೆಲ್ಟುಗಳು ಸದಾ ಎಳೆದೇ ಮಾತಾಡಬೇಕು. ಐದು ವರ್ಷ ಬಾಳುತ್ತದೆಂದು ಹೂಡಿಕೆದಾರರಿಗೆ ಮಾತು ಕೊಟ್ಟ ಬ್ಯಾಟರಿ ಒಂದು ವರ್ಷವೂ ಬಾರದು. ಬಾಸ್ ಗಡ್ಡ ಕೆರೆದುಕೊಂಡು, ಹಸು ದಿನದ ಬಹುಪಾಲು ನಿಂತೇ ಇರುತ್ತಲ್ಲ ಎಂದ. ಹೀಗೆ ಕಗ್ಗದಾಸಪುರದ ಒಂಬತ್ತು ಹಸುಗಳು ಕಂಪನಿಯ ಲೆಕ್ಕದಲ್ಲಿ ನೀರಿನ ಮೀಟರಿನ ಜೊತೆ ಸ್ಥಿರಾಸ್ತಿಯಾದವು.

ಮೊದಲ ದಿನ ಎಲ್ಲ ಬೆಲ್ಟುಗಳ ಮುಂದೆಯೂ ಸೊನ್ನೆಯಿತ್ತು. ಮರುದಿನ ಬೈಲಪ್ಪನವರು ಎದ್ದು ನೋಡಿದರೆ ರಾಜರಾಜೇಶ್ವರಿಗೆ ಐದು. ಪೋರ್ಟಿಕೋದಲ್ಲಿ, ಡಬ್ಬಿಯ ನೇರ ಕೆಳಗೆ ಇಡೀ ರಾತ್ರಿ ಮಲಗಿದ್ದ ಹಸುವಿನ ದನಿ ಸರ್ವರಿಗೆ ಗಂಟೆ ಹೊಡೆದಂತೆ ಕೇಳಿ, ಅದು ಬೇಗ ಮುಗಿಸು ಎಂದಿತ್ತು. ಬೇರೆ ಹಸುಗಳಿಗೆ ಎರಡು, ಮೂರು. ಕೆಂಪಿಗೆ ಸೊನ್ನೆಯೇ. ಜಟ್ಟೆಮ್ಮನ ಕೊಟ್ಟಿಗೆಗೂ ಡಬ್ಬಿಗೂ ನಡುವೆ ಎರಡು ಅಪಾರ್ಟ್‌ಮೆಂಟುಗಳು ಅಡ್ಡ ನಿಂತಿದ್ದವು. ಅವಳ ಹಸುವಿನ ದನಿ ತೂರಿ ಬರುವಷ್ಟರಲ್ಲಿ ಬಡಕಲಾಗಿರುತ್ತಿತ್ತು. ಸರ್ವರ್ ಅದಕ್ಕೆ ಅವಸರ ಮಾಡೆಂದು ಹೇಳುವ ಧೈರ್ಯ ಮಾಡಲಿಲ್ಲ.

ಬೈಲಪ್ಪನವರು ಐದರ ಚಿತ್ರವನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. ಅದು ಮಾರ್ಕ್ಸ್ ಅಲ್ಲ ಸರ್ ಎಂದು ಪೂಜಿತಾ ಫೋನಿನಲ್ಲಿ ಹೇಳಿದಳು. ದೊಡ್ಡವರನ್ನು ಎದುರಿಗೆ ಹೊಗಳಲು ಹುಡುಗಿ ನಾಚಿಕೊಳ್ಳುತ್ತಿದ್ದಾಳೆ ಎಂದು ಅವರು ತಿಳಿದರು. ಭಾನುವಾರದ ಸಭೆಯಲ್ಲಿ ವಿಷಯವನ್ನು ಅವರೇ ಎತ್ತಿಕೊಂಡರು.

“ನಮ್ಮ ಸಂಘದಲ್ಲಿ ಐದು ತಗೊಂಡಿರೋ ಹಸು ಒಂದೇ. ಯಾರ್ದು ಅಂತ ನಾನು ಹೇಳಲ್ಲ. ಸೊನ್ನೆ ತಗೊಂಡಿರೋದೂ ಒಂದೇ. ಜಟ್ಟೆಮ್ಮ, ಎದ್ದು ನಿಂತ್ಕೋ, ಎಲ್ರೂ ನೋಡ್ಲಿ.”

ಜಟ್ಟೆಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಹಸೂಗೆ ಏನು ತಿನ್ನುಸ್ತೀಯೇ? ಸೊನ್ನೆ ಬಂದದೆ.”

“ಹಾಲು ಕೊಡ್ತದೆ ಯಜಮಾನ್ರೇ. ಪರೀಕ್ಷೆ ಬರೆಯಾಕೆ ಕಳ್ಸಿಲ್ಲ ನಾನು.”

ಎಲ್ಲರೂ ನಕ್ಕರು. ಯಾರ ಕಡೆಗೆ ನಕ್ಕರೆಂದು ಬೈಲಪ್ಪನವರಿಗೆ ತಕ್ಷಣ ತಿಳಿಯಲಿಲ್ಲವಾಗಿ ಅವರೂ ನಕ್ಕರು. ಮನೆಗೆ ಬಂದ ಮೇಲೆ ತಿಳಿಯಿತು. ಅಂದಿನಿಂದ ಜಟ್ಟೆಮ್ಮನ ಹೆಸರು ಅವರ ಬಾಯಲ್ಲಿ ‘ಸೊನ್ನೆಯಮ್ಮ’ ಆಯಿತು. ಬೀದಿಯಲ್ಲಿ ಕಂಡಾಗಲೆಲ್ಲ, ಹಸು ಪಾಸಾಯ್ತಾ ಎಂದು ಕೇಳುವರು. ಅವಳಿಂದ ಹಾಲು ಹಾಕಿಸಿಕೊಳ್ಳುತ್ತಿದ್ದ ಒಂದಿಬ್ಬರು, ಹಸುವಿಗೆ ಏನೋ ಐಬು ಇರಬೇಕೆಂದು ಹಾಲು ನಿಲ್ಲಿಸಿದ್ದೂ ಉಂಟು.

ಒಂದು ಸಂಜೆ ಹಾಲು ಕರೆಯುವ ಹೊತ್ತು ಮೀರಿದರೂ ರಾಜರಾಜೇಶ್ವರಿ ಬರಲಿಲ್ಲ. ಬೈಲಪ್ಪನವರ ಹೆಂಡತಿ ಆಂಜನಮ್ಮ ಚೊಂಬು ಹಿಡಿದು ಪೋರ್ಟಿಕೋದಲ್ಲಿ ನಿಂತಿದ್ದರು.

“ರೀ, ಹಸು ಬಂದಿಲ್ಲ.”

ಬೈಲಪ್ಪನವರು ಸೋಫಾದಿಂದ ಏಳದೆ ಫೋನು ನೋಡಿದರು.

“ಪೋರ್ಟಿಕೋದಲ್ಲೇ ಐತಲ್ಲೇ.”

“ಪೋರ್ಟಿಕೋದಲ್ಲಿ ನಾನಿದ್ದೀನಿ.”

“ನೀನು ಸ್ವಲ್ಪ ಪಕ್ಕಕ್ಕೆ ಬಾ.”

ಆಂಜನಮ್ಮ ಪಕ್ಕಕ್ಕೆ ಬಂದರು. ಹಸು ಕಾಣಲಿಲ್ಲ. ಬೈಲಪ್ಪನವರು ಹೊರಗೆ ಬಂದು ಕಾರಿನ ಹಿಂದೆ ನೋಡಿದರು, ಮತ್ತೆ ಫೋನು ನೋಡಿದರು. ಚುಕ್ಕಿ ಅವರ ಕಾಲ ಕೆಳಗೇ ಇತ್ತು.

ಆಗಿದ್ದು ಇಷ್ಟು. ಮನೆಯಲ್ಲಿದ್ದಾಗ ಕಲಿಸಿದ ಪಿಸುಮಾತನ್ನೇ ರಾಜರಾಜೇಶ್ವರಿಯ ಬೆಲ್ಟು ಹಳೇ ಮದ್ರಾಸು ರಸ್ತೆಯಲ್ಲೂ ಆಡುತ್ತಿತ್ತು. ತಾರಸಿಯ ಡಬ್ಬಿಗೆ ಅದು ಕೇಳಿಸಲಿಲ್ಲ. ಬೆಳಿಗ್ಗೆ ಮನೆ ಬಿಡುವಾಗ ಕೇಳಿಸಿದ ಕೊನೆಯ ಮಾತನ್ನೇ ಫೋನು ಸಂಜೆಯವರೆಗೂ ತೋರಿಸುತ್ತ ಕೂತಿತ್ತು.

ಕೆಂಪಿಯೂ ಬಂದಿರಲಿಲ್ಲ. ಆದರೆ ಕೆಂಪಿಯ ಚುಕ್ಕಿ ಕಮರುನ್ನೀಸಾಳ ಫೋನಿನಲ್ಲಿ ಕಾಲು ಗಂಟೆಗೊಮ್ಮೆ ನಡೆಯುತ್ತಿತ್ತು. ಜಟ್ಟೆಮ್ಮನ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಹಸುವನ್ನು ಅವಳ ಪರವಾಗಿ ನೋಡುತ್ತಿದ್ದದ್ದು ಚಹಾ ಅಂಗಡಿ. ಇಬ್ಬರೂ ಬೈಲಪ್ಪನವರ ಗೇಟಿನ ಮುಂದೆ ಹಾದು ಹೋಗುವಾಗ ಕಮರುನ್ನೀಸಾ ಕೂಗಿದಳು:

“ನಮ್ಮದು ಮೇಲ್ಸೇತುವೆ ಪಕ್ಕ ಐತೆ ಸಾಬ್, ಎರಡಕ್ಕೂ ದೋಸ್ತಿ, ನಿಮ್ಮದೂ ಅಲ್ಲೇ ಇರ್ಬೌದು. ಬರ್ತೀರಾ?”

ಬೈಲಪ್ಪನವರು ಕಾರು ತೆಗೆದರು. ಹೋಗಿ ನೋಡಿದರೆ ಎರಡೂ ಹಸುಗಳು ರಸ್ತೆಯ ನಡುವಿನ ಕಟ್ಟೆಯ ಮೇಲೆ ಅಕ್ಕಪಕ್ಕ ಮಲಗಿ, ಎರಡು ಕಡೆಯ ಹಾರನ್ನುಗಳ ಮಧ್ಯೆ ಮೆಲುಕು ಹಾಕುತ್ತಿದ್ದವು.

“ನೋಡಿ ಸಾಬ್,” ಎಂದಳು ಕಮರುನ್ನೀಸಾ. “ನಿಮ್ಮ ಐದು ಮನೇಲೇ ಕೂತಿತ್ತು. ನಮ್ಮ ಸೊನ್ನೆ ಬಂದು ಹುಡ್ಕೊಟ್ಟಿತು.”

ಇದನ್ನು ಅವಳು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುದಿನ ಚಹಾಕ್ಕೆ ಬಂದವರಿಗೆಲ್ಲ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಬಾಡಿಗೆದಾರರೂ, ಹಸು ಸಿಕ್ಕಿತಾ ಅಂಕಲ್ ಎಂದು ಕೇಳಲು ಶುರುಮಾಡಿದರು.

ಬೈಲಪ್ಪನವರು ಪೂಜಿತಾಳನ್ನು ಕರೆಸಿದರು.

“ಸೊನ್ನೆ ಒಳ್ಳೇದು ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?”

“ಒಳ್ಳೇದು ಕೆಟ್ಟದ್ದು ಅಂತಿಲ್ಲ ಸರ್. ಹತ್ತಿರಕ್ಕೆ ಐದು, ದೂರಕ್ಕೆ ಸೊನ್ನೆ.”

“ಹಂಗಾದ್ರೆ ನಮ್ಮದಕ್ಕೂ ಸೊನ್ನೆ ಹಾಕು.”

“ಹಾಕಿದ್ರೂ ಸರ್ವರ್ ಮತ್ತೆ ಐದಕ್ಕೇ ತರುತ್ತೆ. ನಿಮ್ಮ ಹಸು ಡಬ್ಬಿ ಕೆಳಗೇ ಮಲಗುತ್ತಲ್ಲ. ಆ ಸೆಟ್ಟಿಂಗೇ ಆಫ್ ಮಾಡ್ಬೇಕು ಸರ್, ಬಾಸ್ ಒಪ್ಪಲ್ಲ.”

“ಅವಳ ಬೆಲ್ಟ್‌ಗೆ ಸೊನ್ನೆ ಐತಲ್ಲ. ಅದನ್ನ ನಮ್ಮದಕ್ಕೆ ಕಟ್ಟು, ನಮ್ಮದನ್ನ ಅವಳ ಹಸೂಗೆ ಕಟ್ಟು.”

“ಸೊನ್ನೆ ಬೆಲ್ಟಲ್ಲಿಲ್ಲ ಸರ್. ಜಾಗದಲ್ಲಿದೆ.”

“ಜಾಗದ ವಿಷಯ ನನಗೆ ಹೇಳ್ಬೇಡಮ್ಮ. ಈ ಜಾಗ ಎಲ್ಲಾ ನಮ್ಮದೇ ಇದ್ದಿದ್ದು.”

ಪೂಜಿತಾ ಇನ್ನೊಂದು ಸಲ ಪ್ರಯತ್ನಿಸಿದಳು. ಐದಕ್ಕೆ ಒಗ್ಗಿದ ಬೆಲ್ಟನ್ನು ಕೆಂಪಿಗೆ ಕಟ್ಟಿದರೆ ಅದು ಅಷ್ಟು ದೂರದಿಂದ ಪಿಸುಗುಟ್ಟುತ್ತದೆ, ಯಾರಿಗೂ ಕೇಳುವುದಿಲ್ಲ. ಉತ್ತರ ಬಾರದೆ ತುಂಬ ಹೊತ್ತು ಕಾದ ಮೇಲೆ ಬೆಲ್ಟಿಗೇ ಅನುಮಾನ ಬಂದು, ಒಂದೊಂದೇ ಮೆಟ್ಟಿಲು ವೇಗ ಇಳಿಸಿಕೊಳ್ಳುತ್ತ ಕೊನೆಗೆ ಸೊನ್ನೆಗೆ ಬಂದು ಮಾತಾಡುತ್ತದೆ. ಅದಕ್ಕೆ ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಹಸು ಕಳೆದರೆ ಗೊತ್ತಾಗುವುದಿಲ್ಲ.

“ಎರಡು ಮೂರು ದಿನ ತಾನೇ,” ಎಂದರು ಬೈಲಪ್ಪನವರು. “ಬೆಲ್ಟ್ ಬರೋ ಮುಂಚೆ ಇಷ್ಟು ವರ್ಷ ಏನು ಮಾಡ್ತಿದ್ಳು ಅವಳು? ನೋಡು, ಮೇಲಿನ ಡಬ್ಬಿ ಸ್ವಿಚ್ಚು ನನ್ನ ಮಂಚದ ಪಕ್ಕ ಐತೆ. ಕೈ ತಾಗಿ ಆಫ್ ಆದ್ರೆ ನನ್ನ ಕೇಳ್ಬೇಡ.”

ಮುಂದಿನ ವಾರ ಹೂಡಿಕೆದಾರರಿಗೆ ಪ್ರಯೋಗ ತೋರಿಸುವುದಿತ್ತು. ಪೂಜಿತಾ ಲ್ಯಾಪ್‌ಟಾಪ್ ತೆರೆದಳು.

ಸರ್ವೀಸಿಂಗ್ ಎಂದು ಹೇಳಿ ಜಟ್ಟೆಮ್ಮನನ್ನು ಹಸುವಿನ ಜೊತೆ ಕರೆಸಿದರು. ಅವಳನ್ನು ಗೇಟಿನ ಹೊರಗೆ ನಿಲ್ಲಿಸಿ, ಪೋರ್ಟಿಕೋದಲ್ಲಿ ಎರಡು ಹಸುಗಳ ಬೆಲ್ಟು ಬಿಚ್ಚಿ ಅದಲುಬದಲು ಮಾಡಿ ಕಟ್ಟಿದರು. ಸರ್ವರಿನಲ್ಲಿ ಹೆಸರುಗಳನ್ನೂ ತಿದ್ದಿದರು. ಕೆಂಪಿಯ ಕೊರಳಿಗೆ ಬಂದ ಹೊಸ ಬೆಲ್ಟು ಅಲ್ಲೇ ನಿಂತು, ಡಬ್ಬಿಗೆ ಚೆನ್ನಾಗಿ ಕೇಳುವಂತೆ ಒಂದು ಸಲ ಮಾತಾಡಿತು. ತನಗೆ ಏನೋ ಒಳ್ಳೆಯದಾಗಿದೆ ಎಂದು ಜಟ್ಟೆಮ್ಮ ತಿಳಿದಳು.

“ಹೊಸದಾ ತಾಯಿ?” ಎಂದು ಪೂಜಿತಾಳನ್ನು ಕೇಳಿದಳು.

“ಹೂಂ,” ಎಂದಳು ಪೂಜಿತಾ. ಎರಡು ದಿನ ಹಸುವನ್ನು ಕಟ್ಟಿಯೇ ಇರಿ ಎಂದು ಕಮರುನ್ನೀಸಾಳಿಗೆ ಫೋನು ಮಾಡಿ ಹೇಳಬೇಕೆಂದುಕೊಂಡಿದ್ದಳು. ಮರುದಿನ ಬೆಳಿಗ್ಗೆಯಿಂದ ಮೀಟಿಂಗಿತ್ತು.

ಮರುದಿನ ಕೆಂಪಿ ಮತ್ತು ರಾಜರಾಜೇಶ್ವರಿ ಎಂದಿನಂತೆ ಜೊತೆಗೆ ಹೊರಟವು. ಸಂಜೆ ರಾಜರಾಜೇಶ್ವರಿ ಒಂದೇ ಬಂತು, ಹೊಟ್ಟೆ ತುಂಬಿಸಿಕೊಂಡು, ಹೊತ್ತಿಗೆ ಸರಿಯಾಗಿ. ಅದರ ಬೆಲ್ಟಿನ ಮುಂದೆ ಬೆಳಿಗ್ಗೆಯೇ ಐದು ಬಂದಿತ್ತು. ಯಾವ ಬೆಲ್ಟಾದರೇನು, ಡಬ್ಬಿಯ ಕೆಳಗೆ ಒಂದು ರಾತ್ರಿ ಮಲಗಿದರೆ ಸಾಕು. ಸೊನ್ನೆ ಎಲ್ಲಿ ಹೋಯಿತೆಂದು ಬೈಲಪ್ಪನವರು ಪೂಜಿತಾಳಿಗೆ ಬೈಯುತ್ತಿದ್ದಾಗ ಗೇಟಿನ ಬಳಿ ಜಟ್ಟೆಮ್ಮ ಬಂದು ನಿಂತಳು.

“ಯಜಮಾನ್ರೇ, ಕೆಂಪಿ ಇಲ್ಲೈತಂತೆ.”

“ಯಾರು ಹೇಳಿದ್ದು?”

“ಫೋನು.”

ಕಮರುನ್ನೀಸಾ ಫೋನು ತೋರಿಸಿದಳು. ಕೆಂಪಿಯ ಚುಕ್ಕಿ ಬೈಲಪ್ಪನವರ ಪೋರ್ಟಿಕೋದಲ್ಲಿ ಅಲುಗಾಡದೆ ಕೂತಿತ್ತು. ಬೆಲ್ಟು ಬದಲಿಸಿದಾಗ ಆಡಿದ ಆ ಒಂದು ಮಾತು.

“ನಾನೇನು ಹಸು ಕದಿಯೋನಾ?” ಎಂದರು ಬೈಲಪ್ಪನವರು. ಕದ್ದಿರಿ ಎಂದು ಯಾರೂ ಹೇಳಿರಲಿಲ್ಲ. ಬಾಡಿಗೆದಾರರು ಬಾಲ್ಕನಿಗಳಿಗೆ ಬಂದು ನಿಂತಿದ್ದರಿಂದ ಅವರು ಅದನ್ನು ಇನ್ನೊಂದು ಸಲ, ಸ್ವಲ್ಪ ಮೇಲ್ದನಿಯಲ್ಲಿ ಹೇಳಿದರು. “ನಾಲ್ಕು ಬಿಲ್ಡಿಂಗ್ ಇಟ್ಕೊಂಡಿರೋನು ನಿನ್ನ ಸೊನ್ನೆ ಹಸೂನ ಒಳಗೆ ಕಟ್ಕೊಂಡಿದ್ದೀನಾ? ಬಾ, ಬಚ್ಚಲು ಮನೇನೂ ನೋಡ್ಕೊಂಡು ಹೋಗು.”

ಜಟ್ಟೆಮ್ಮ ನಿಜವಾಗಿಯೂ ಒಳಗೆ ಬಂದು ಕಾರಿನ ಹಿಂದೆ, ನೀರಿನ ಸಂಪಿನ ಪಕ್ಕ, ಜನರೇಟರಿನ ಸಂದಿಯಲ್ಲಿ ನೋಡಿದಳು. ಕೆಂಪಿ, ಕೆಂಪಿ ಎಂದು ಕರೆದಳು. ರಾಜರಾಜೇಶ್ವರಿ ತಲೆಯೆತ್ತಿ ನೋಡಿ ಮತ್ತೆ ಬೂಸಾಕ್ಕೆ ಬಾಯಿ ಹಾಕಿತು. ಬೆಲ್ಟು ಬದಲಿಸಿದ ಸಂಗತಿ ಆಗ ಬೈಲಪ್ಪನವರ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾಲ್ಕನಿಗಳನ್ನು ನೋಡಿ ಅದು ವಾಪಸು ಹೋಯಿತು.

ಕಮರುನ್ನೀಸಾ ಪೂಜಿತಾಳಿಗೆ ಫೋನು ಮಾಡಿದಳು. ಸಂಜೆ ಎತ್ತಲಿಲ್ಲ. ಮರುದಿನ ಮಧ್ಯಾಹ್ನ ಎತ್ತಿದಳು.

“ಆ ಚುಕ್ಕಿ ಹಳೇದು ಆಂಟಿ. ಅದನ್ನ ನಂಬ್ಬೇಡಿ.”

“ಹೊಸಾದು ಎಲ್ಲೈತಮ್ಮ?”

“ಇನ್ನೂ ಬಂದಿಲ್ಲ. ಬೆಲ್ಟ್ ತಾನಾಗಿ ಸ್ಪೀಡ್ ಇಳಿಸ್ಕೊಳ್ಳುತ್ತೆ, ಆಗ ಸಿಗುತ್ತೆ. ಸ್ವಲ್ಪ ಕಾಯಿರಿ.”

“ಹಸು ಕಾಯ್ತದಾ?” ಎಂದಳು ಕಮರುನ್ನೀಸಾ. ಆ ಕಡೆ ಯಾರೋ ಪೂಜಿತಾಳನ್ನು ಕರೆದರು.

ಅಷ್ಟರಲ್ಲಿ ಬೈಲಪ್ಪನವರ ಮನೆಯ ಸುತ್ತಲೇ ಒಂದು ದಿನ ಕಳೆದುಹೋಗಿತ್ತು. ಆಮೇಲೆ ಜಟ್ಟೆಮ್ಮ ಕಾಲ್ನಡಿಗೆಯಲ್ಲಿ ಹುಡುಕಿದಳು. ಮೇಲ್ಸೇತುವೆಯ ಕೆಳಗೆ, ಟಿನ್ ಫ್ಯಾಕ್ಟರಿಯ ಬಸ್ ಸ್ಟಾಪಿನಲ್ಲಿ, ಹಲಸೂರಿನ ಹೂವಿನ ಅಂಗಡಿಗಳ ಸಾಲಿನಲ್ಲಿ. ಇಂದಿರಾನಗರದ ಹೋಟೆಲಿನವನೊಬ್ಬ ಎರಡು ದಿನದಿಂದ ಕೆಂಪು ಹಸು ಬಂದಿಲ್ಲ, ಕಪ್ಪು ಬಿಳಿಯದು ಮಾತ್ರ ಬಂತು ಎಂದ. ಕಪ್ಪು ಬಿಳಿಯದು ರಾಜರಾಜೇಶ್ವರಿ. ಇತ್ತ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷರು, ತಮ್ಮ ಮೇಲೆ ಬಂದ ಸುಳ್ಳು ಆಪಾದನೆ ಕುರಿತು ಉದ್ದದ ಹೇಳಿಕೆ ಹಾಕಿದರು. ಆರು ಸದಸ್ಯರು ಹೆಬ್ಬೆರಳು ಒತ್ತಿದರು. ಒಬ್ಬ ತಪ್ಪಿ ಹುಟ್ಟುಹಬ್ಬದ ಶುಭಾಶಯ ಹಾಕಿ ಅಳಿಸಿದ.

ಮೂರನೆಯ ದಿನ ಬೆಳಿಗ್ಗೆ, ಚಹಾ ಕುದಿಯುತ್ತಿದ್ದಾಗ, ಕಮರುನ್ನೀಸಾಳ ಫೋನು ಸದ್ದು ಮಾಡಿತು. ಕೆಂಪಿಯ ಚುಕ್ಕಿ ಬೈಲಪ್ಪನವರ ಪೋರ್ಟಿಕೋ ಬಿಟ್ಟು ಹಾರಿ, ಹಳೇ ಮದ್ರಾಸು ರಸ್ತೆಯ ಹಿಂದಿನ ಒಂದು ಬಯಲಿನಲ್ಲಿ ಹೋಗಿ ಕೂತಿತ್ತು. ಪೂಜಿತಾ ಹೇಳಿದ ಹಾಗೆಯೇ ಬೆಲ್ಟು ಮಾಡಿತ್ತು. ಉತ್ತರ ಬಾರದೆ ಕಾದು, ಒಂದೊಂದೇ ಮೆಟ್ಟಿಲು ಇಳಿದು, ಸೊನ್ನೆಗೆ ಬಂದು, ಒಂದೊಂದೇ ಅಕ್ಷರ ಎಳೆದು ಹೇಳಿತ್ತು.

“ಸಿಕ್ತು ಜಟ್ಟೆಮ್ಮಕ್ಕಾ,” ಎಂದು ಕಮರುನ್ನೀಸಾ ಒಲೆ ಆರಿಸಿದಳು.

ಜಟ್ಟೆಮ್ಮ ಒಂದು ಕಂತೆ ಹಸಿಹುಲ್ಲು ಹಿಡಿದು ಆಟೋದಲ್ಲಿ ಕೂತಳು. ಮೂರು ದಿನ ಏನು ತಿಂದಿತ್ತೋ ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು. ಕೆಚ್ಚಲು ಕಟ್ಟಿಕೊಂಡಿರುತ್ತದೆ, ಮೊದಲು ಹಾಲು ಕರೆಯಬೇಕು ಎಂದಳು.

ಅದು ಅಪಾರ್ಟ್‌ಮೆಂಟಿನ ಅಡಿಪಾಯಕ್ಕೆ ತೋಡಿ, ಕೆಲಸ ನಿಂತುಹೋದ ಗುಂಡಿ. ಸುತ್ತ ಹಾಕಿದ್ದ ತಗಡಿನಲ್ಲಿ ಒಂದು ಕಡೆ ಕಿಂಡಿ. ಕೆಳಗೆ ಕೊಚ್ಚೆ ನೀರು, ಕಂಬಿ. ಕೆಂಪಿ ಹಿಂಗಾಲು ಮಡಚಿಕೊಂಡು, ಕೊರಳನ್ನು ಮಣ್ಣಿನ ಗೋಡೆಗೆ ಆನಿಸಿಕೊಂಡು ಬಿದ್ದಿತ್ತು. ನೊಣ ಮುತ್ತಿದ್ದವು. ಕೊರಳಿನ ಬೆಲ್ಟಿನಲ್ಲಿ ಹಸಿರು ದೀಪ ಮಿನುಗುತ್ತಿತ್ತು.

ಆ ಜಾಗದ ಕಾವಲಿನವನು ಬಂದು ನಿಂತ.

“ನಿಮ್ದಾಮ್ಮ? ನಿನ್ನೆ ಬೆಳಿಗ್ಗೆವರ್ಗೂ ಕೂಗ್ತಿತ್ತು. ಯಾರಾದ್ರೂ ಬರ್ತಾರೆ, ಬೆಲ್ಟ್ ಬೇರೆ ಕಟ್ಟವ್ರೆ ಅಂತ ಸುಮ್ನಿದ್ದೆ.”

ಜಟ್ಟೆಮ್ಮ ಹುಲ್ಲಿನ ಕಂತೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು. ಕೊನೆಗೆ ಕಮರುನ್ನೀಸಾ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡಳು.

ಕಂಪನಿಯವರು ಬೆಲ್ಟು ತೆಗೆದುಕೊಂಡು ಹೋಗಲು ಅಂದೇ ಬಂದರು. ಗುಂಡಿಯ ಆಳದಿಂದ, ನೀರಿನ ಪಕ್ಕದಿಂದ, ಅಷ್ಟು ದೂರಕ್ಕೆ ಮಾತು ತಲುಪಿದ್ದು ಬಾಸಿಗೆ ಹೆಮ್ಮೆಯ ಸಂಗತಿಯಾಗಿತ್ತು. ಪ್ರತಿಕೂಲ ಪರಿಸ್ಥಿತಿಯಲ್ಲೂ ಉಪಕರಣ ತನ್ನ ವೇಗವನ್ನು ತಾನೇ ಹೊಂದಿಸಿಕೊಂಡು ಸಂಪರ್ಕ ಸಾಧಿಸಿತು ಎಂದು ಹೂಡಿಕೆದಾರರಿಗೆ ತೋರಿಸಿದ. ಹಸು ಹೇಗಿದೆ ಎಂದು ಅವರು ಕೇಳಲಿಲ್ಲ. ಬ್ಯಾಟರಿ ಹೇಗಿದೆ ಎಂದು ಕೇಳಿದರು. ಬ್ಯಾಟರಿ ಚೆನ್ನಾಗಿತ್ತು.

ಸಂಘದ ಸಂತಾಪ ಸಭೆ ಬೈಲಪ್ಪನವರ ಮನೆಯಲ್ಲೇ ನಡೆಯಿತು. ಪೂಜಿತಾಳೂ ಬಂದಿದ್ದಳು. ಇಷ್ಟು ಹೊತ್ತಿಗೆ ಕಮರುನ್ನೀಸಾ ಪೂಜಿತಾಳ ಬಾಯಿ ಬಿಡಿಸಿದ್ದಳಾಗಿ, ಬೆಲ್ಟು ಬದಲಾಗಿದ್ದು ಎಲ್ಲರಿಗೂ ಗೊತ್ತಿತ್ತು. ಬೈಲಪ್ಪನವರು ಅದನ್ನು ತಾಂತ್ರಿಕ ಕಾರಣ ಎಂದು ಕರೆದು, ಒಂದು ನಿಮಿಷ ಮೌನಕ್ಕೆ ಎದ್ದು ನಿಲ್ಲಬೇಕೆಂದು ಕೋರಿದರು. ಮೌನದ ನಡುವೆ ಜಟ್ಟೆಮ್ಮ ಕೇಳಿದಳು:

“ಮೊದಲಿನ ಬೆಲ್ಟೇ ಇದ್ದಿದ್ರೆ ಕೆಂಪಿ ಅವತ್ತೇ ಸಿಕ್ತಿತ್ತಾ ತಾಯಿ?”

“ಹೇಳೋಕಾಗಲ್ಲ ಅಮ್ಮಾ,” ಎಂದಳು ಪೂಜಿತಾ. ಹೇಳಲು ಆಗುತ್ತಿತ್ತು. ಗುಂಡಿಗೆ ಬಿದ್ದ ಕಾಲು ಗಂಟೆಯಲ್ಲಿ ಸಿಗುತ್ತಿತ್ತು.

ಒಂದು ನಿಮಿಷ ಮುಗಿಯಿತೆಂದು ಬೈಲಪ್ಪನವರು ಕೆಮ್ಮಿದರು. ಆಮೇಲೆ ತಮ್ಮ ನಿರ್ಧಾರ ಪ್ರಕಟಿಸಿದರು. ಯಂತ್ರವನ್ನು ಇನ್ನು ನಂಬುವಂತಿಲ್ಲ. ರಾಜರಾಜೇಶ್ವರಿ ಬೆಳಿಗ್ಗೆ ಹೊರಟು ಸಂಜೆ ಬರುವವರೆಗೆ ಜೊತೆಗೆ ಒಂದು ಜನ ಇರಬೇಕು. ಹಸುವಿನ ಸ್ವಭಾವ ಬಲ್ಲವರಾಗಿರಬೇಕು. ಜಟ್ಟೆಮ್ಮನಿಗೆ ಈಗ ಬೇರೆ ಕೆಲಸವೂ ಇಲ್ಲ. ಅಧ್ಯಕ್ಷರ ದೊಡ್ಡ ಮನಸ್ಸಿಗೆ ಸದಸ್ಯರು ಚಪ್ಪಾಳೆ ತಟ್ಟಿದರು. ಜಟ್ಟೆಮ್ಮನೂ ತಟ್ಟಿದಳು, ಎಲ್ಲರೂ ತಟ್ಟುತ್ತಿದ್ದರಲ್ಲ.

ಮುಂದಿನ ವಾರ ಬೈಲಪ್ಪನವರು ಆಂಜನಮ್ಮನ ತಮ್ಮನಿಗೆ ತಮ್ಮ ಏರ್ಪಾಡನ್ನು ತೋರಿಸಬೇಕೆಂದು, ಸೋಫಾದಲ್ಲಿ ಕಾಲು ಚಾಚಿಕೊಂಡು, ಫೋನನ್ನು ಎಲ್ಲರಿಗೂ ಕೇಳುವಂತೆ ಮಾಡಿ ಜಟ್ಟೆಮ್ಮನಿಗೆ ಹಚ್ಚಿದರು. ಆ ಕಡೆ ಲಾರಿಗಳ ಸದ್ದು.

“ಹಲೋ. ಯಜಮಾನ್ರೇ, ನಾನು ಟಿನ್ ಫ್ಯಾಕ್ಟರಿ ತಾವ ಇವ್ನಿ. ಇಲ್ಲಿ ರಸ್ತೆ ಕಿತ್ತಾಕವ್ರೆ, ಕಾಲು ನೋಯ್ತಾ...”

“ಹಸು ಎಲ್ಲಿ?”

“ಮುಂದ್ಗಡೆ ಹೋಗ್ತವ್ಳೆ.”

“ಅದನ್ನ ಹೇಳು ಮೊದ್ಲು,” ಎಂದರು ಬೈಲಪ್ಪನವರು. “ನೀನೆಲ್ಲಿದ್ದೀಯ ಅಂತ ಯಾರು ಕೇಳಿದ್ರು?”